ನೂರರಲ್ಲಿ ತೊಂಬತ್ತಮೂರು ಮಂದಿ

ಕಾಪೆಲ್ಲೆ ಆನ್ ಡೆನ್ ಐಸೆಲ್
14 ಏಪ್ರಿಲ್ 2025

ಹಿತಾ,

ಆಶೀರ್ವಾದ ಎಂದು ಬರೆದು ಹೊಡೆದುಹಾಕಿದ್ದೇನೆ. ಮೇಲೆ ಕಾಣುವ ಗೀಟು ಅದರದ್ದೇ.

ನನ್ನ ಫೋನಿನಲ್ಲಿ ನಿನ್ನ ನಂಬರ್ ಬ್ಲಾಕ್ ಆಗಿದೆ. ಇಮೇಲ್ ನಾನೂ ನಿಮ್ಮಣ್ಣನೂ ಒಂದೇ ಬಳಸುವುದು. ಅವರು ಓದಲಾರದ್ದು ಕನ್ನಡದ ಕೈಬರಹ ಮಾತ್ರ. ನಿಮ್ಮ ತಂದೆಯ ವರ್ಗಾವಣೆಗಳಿಂದ ಅವರು ನಾಗಪುರದಲ್ಲಿ, ಭೋಪಾಲದಲ್ಲಿ ಹಿಂದಿ ಕಲಿತರು. ಹನ್ನೆರಡು ವರ್ಷ ತಡವಾಗಿ ಹುಟ್ಟಿದ ನಿನಗೆ ಮೈಸೂರು ಸಿಕ್ಕಿತು. ಆದ್ದರಿಂದ ಈ ಕಾಗದ. ಲೈಡನ್ನಿನಿಂದ ಇಲ್ಲಿಗೆ ರೈಲಿನಲ್ಲಿ ದೂರವೇನಿಲ್ಲ, ಆದರೆ ನೀನು ಬರುವುದು ನನಗೆ ಬೇಡ.

ಮೇ ಎಂಟಕ್ಕೆ ನಿಗದಿಯಾಗಿದ್ದ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ನಿಮ್ಮಣ್ಣ ಆಸ್ಪತ್ರೆಗೆ ಫೋನ್ ಮಾಡಿ ಬೇಡ ಎಂದಿದ್ದಾರೆ. ನನಗೆ ಗೊತ್ತಾದದ್ದು ಆಸ್ಪತ್ರೆಯ ಪತ್ರ ಬಂದ ಮೇಲೆ. ಹೃದಯದ ಮೂರು ರಕ್ತನಾಳ ಕಟ್ಟಿಕೊಂಡಿವೆ, ಎದೆ ತೆರೆಯಬೇಕು ಎಂದು ಅಲ್ಲಿನ ವೈದ್ಯರೆಲ್ಲ ಒಟ್ಟಿಗೆ ಕೂತು ತೀರ್ಮಾನಿಸಿದ್ದರು. ಯಾಕೆ ಬೇಡವೆಂದಿರಿ ಎಂದು ಕೇಳಿದೆ.

"ಹಿತಾ ನೈಂಟಿ ತ್ರೀ ಅಂದ್ಳಲ್ಲ. ನೂರಕ್ಕೆ ತೊಂಬತ್ತಮೂರು ಬಂದಿರೋನು ಯಾಕೆ ಎದೆ ಸೀಳಿಸ್ಕೋಬೇಕು?"

ಪರೀಕ್ಷೆ ಪಾಸಾದ ಹುಡುಗನ ಮುಖ ಇತ್ತು ಅವರದ್ದು.

ಯುಗಾದಿಯ ದಿನ ನಮ್ಮ ಊಟದ ಮೇಜಿನಲ್ಲಿ ನಡೆದದ್ದನ್ನು ನೆನಪಿಸುತ್ತೇನೆ. ಊಟಕ್ಕೆ ಬಂದಿದ್ದ ಮೋಹಿತ್ ಫೋನ್ ನೋಡಿಕೊಂಡು ಪಂಚಾಂಗ ಓದಿದ. ನಿಮ್ಮಣ್ಣನ ರಾಶಿಗೆ ಆಯ ಎರಡು, ವ್ಯಯ ಹದಿನಾಲ್ಕು ಬಂತು. ಎಲ್ಲರೂ ನಕ್ಕರು. "ನಮ್ಮನೇಲೇ ಜೋಯಿಸರು ಇದ್ದಾರೆ, ಅವ್ರು ಹೇಳ್ಲಿ" ಎಂದು ನಿಮ್ಮಣ್ಣ ನಿನ್ನ ಕಡೆ ತಿರುಗಿದರು. ನೀನು ನಗಲಿಲ್ಲ. ಲ್ಯಾಪ್‌ಟಾಪ್ ತೆಗೆದೆ. ಅವರ ಕೈಲಿ ಆಸ್ಪತ್ರೆಯ ವರದಿಗಳನ್ನು ಓದಿಸಿಕೊಂಡು ಒಂದೊಂದಾಗಿ ತುಂಬಿದೆ. ಹನ್ನೊಂದು ಜನರ ಎದುರು ಸಂಖ್ಯೆ ಹೇಳಿದೆ.

ಅವರಿಗೆ ಫೋನ್ ಮಾಡಿ ಒಂದೇ ಮಾತು ಹೇಳು: ಆ ಸಂಖ್ಯೆ ಬಿಡು, ಆಸ್ಪತ್ರೆಯವರು ಹೇಳಿದಂತೆ ಮಾಡು ಎಂದು. ಇಷ್ಟು ಸಾಕು.

ರುಕ್ಮಿಣಿ


ಲೈಡನ್
19 ಏಪ್ರಿಲ್ 2025

ಅತ್ತಿಗೆಯವರಿಗೆ,

ಕಾಗದ ತಲುಪಿತು. ಹೊಡೆದುಹಾಕಿದ ಆಶೀರ್ವಾದ ಗೀಟಿನ ಅಡಿಯಲ್ಲಿ ಚೆನ್ನಾಗಿಯೇ ಓದಲು ಬರುತ್ತದೆ.

ಮೊದಲು ತಿದ್ದುಪಡಿ. ಮೇಜಿನ ಸುತ್ತ ಇದ್ದವರು ಹನ್ನೊಂದಲ್ಲ, ಹತ್ತು. ಸಂಖ್ಯೆ ಕೇಳಿ ಚಪ್ಪಾಳೆ ತಟ್ಟಿದವರಲ್ಲಿ ನೀವೂ ಒಬ್ಬರು. ಆಮೇಲೆ ಅಣ್ಣನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದವರೂ ನೀವೇ, ತುಪ್ಪದ ಸಮೇತ.

ನನ್ನ ಕೆಲಸ ಕಣಿ ಹೇಳುವುದಲ್ಲ. ಹೃದಯದ ನಾಳ ಕಿರಿದಾದ ಹನ್ನೊಂದು ಸಾವಿರ ರೋಗಿಗಳನ್ನು ಆಸ್ಪತ್ರೆಯ ಮೊದಲ ಭೇಟಿಯಿಂದ ಐದು ವರ್ಷ ಗಮನಿಸಿದ ಮಾಹಿತಿ ನಮ್ಮಲ್ಲಿದೆ. ಒಬ್ಬ ಹೊಸ ರೋಗಿಯ ವಯಸ್ಸು, ರಕ್ತದೊತ್ತಡ, ಸಕ್ಕರೆ, ಕಟ್ಟಿದ ನಾಳಗಳ ವಿವರ ಕೊಟ್ಟರೆ, ಅಂಥದೇ ನೂರು ಮಂದಿಯಲ್ಲಿ ಐದು ವರ್ಷದ ಕೊನೆಗೆ ಎಷ್ಟು ಮಂದಿ ಬದುಕಿರುತ್ತಾರೆ ಎಂದು ನಮ್ಮ ಮಾಡೆಲ್ ಹೇಳುತ್ತದೆ. ಬೇರೆ ಆಸ್ಪತ್ರೆಗಳ ರೋಗಿಗಳ ಮೇಲೂ ಪರೀಕ್ಷಿಸಿ ನೋಡಿದ್ದೇವೆ. ಹೇಳಿದಷ್ಟೇ ಮಂದಿ ಬದುಕಿದ್ದರು. ಸೆಪ್ಟೆಂಬರಿನಿಂದ ಒಂದು ಆಸ್ಪತ್ರೆ ಇದನ್ನು ಬಳಸಲಿದೆ.

ಶಸ್ತ್ರಚಿಕಿತ್ಸೆ ಬೇಡವೆಂದು ನಾನು ಹೇಳಿಲ್ಲ. ಬೇಕೆಂದೂ ಹೇಳುವುದಿಲ್ಲ. ಅಣ್ಣನಿಗೆ ಐವತ್ತೊಂದು ವರ್ಷ. ಕೇಳಿದ, ಹೇಳಿದೆ, ನಿರ್ಧರಿಸಿದ.

ನಿಮ್ಮ ಮನೆಯ ಮೇಲಿನ ಕೋಣೆಯಲ್ಲಿ ನಾನಿದ್ದ ಎರಡು ವರ್ಷವೂ ನಿಮ್ಮ ಗೆಳತಿಯರಿಗೆ ನನ್ನನ್ನು ಪರಿಚಯಿಸುತ್ತಿದ್ದ ರೀತಿ ಮರೆತಿಲ್ಲ. "ನಮ್ಮ ನಾದಿನಿ. ಜನ ಯಾವಾಗ ಸಾಯ್ತಾರೆ ಅಂತ ಲೆಕ್ಕ ಹಾಕ್ತಾಳೆ." ಆಗ ಅದು ತಮಾಷೆ. ಈಗ ಅದೇ ಲೆಕ್ಕವನ್ನು ಹಿಂತೆಗೆದುಕೋ ಎನ್ನುತ್ತಿದ್ದೀರಿ. ಸರಿಯಾಗಿರುವ ಸಂಖ್ಯೆಯನ್ನು ಹಿಂತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ.

ಹಿತಾ


ಕಾಪೆಲ್ಲೆ
25 ಏಪ್ರಿಲ್ 2025

ಹಿತಾ,

ತುಪ್ಪದ ವಿಷಯ ಓದಿದೆ.

ನಿಮ್ಮಣ್ಣ ಈಗ ದಿನವೂ ಸಂಜೆ ಸೈಕಲ್ ಹೊಡೆಯುತ್ತಿದ್ದಾರೆ, ಆರೋಗ್ಯವಾಗಿದ್ದೇನೆ ಎಂದು ನಮಗೆ ತೋರಿಸಲಿಕ್ಕೆ. ಈ ಡಚ್ಚರ ದೇಶದಲ್ಲಿ ಏರು ಎಂದರೆ ಸೇತುವೆಗಳು ಮಾತ್ರ. ಮಂಗಳವಾರ ನಾನು ಬಸ್ಸಿನಲ್ಲಿ ಬರುವಾಗ ಅವರು ಐಸೆಲ್ ಸೇತುವೆಯ ಅರ್ಧದಲ್ಲಿ ಇಳಿದು ನಿಂತಿದ್ದರು. ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಕೋಟಿನೊಳಗೆ. ಮನೆಗೆ ಬಂದವರನ್ನು ಯಾಕೆ ತಡವಾಯಿತು ಎಂದು ಕೇಳಿದೆ. ಹಡಗು ಹೋಗಲಿಕ್ಕೆ ಸೇತುವೆ ಎತ್ತಿದ್ದರು ಎಂದರು. ನಾನಿದ್ದ ಬಸ್ಸು ನಿಲ್ಲದೆ ಅದೇ ಸೇತುವೆ ದಾಟಿ ಬಂದಿತ್ತು. ತಿಂಡಿ ಕೊಟ್ಟೆ.

ನಿನ್ನ ಮಾಡೆಲ್ ನನಗೆ ಅರ್ಥವಾಗುವುದಿಲ್ಲ ಎಂದು ನಿನ್ನ ಎಣಿಕೆ. ಇರಲಿ. ಒಂದು ಕೇಳುತ್ತೇನೆ. ನಿನ್ನ ಆ ತೊಂಬತ್ತಮೂರು ಮಂದಿ ಹೇಗೆ ಬದುಕಿದರು? ಸೈಕಲ್ ಹೊಡೆದುಕೊಂಡೋ? ಆಸ್ಪತ್ರೆಗೆ ಬಂದವರನ್ನು ಮುಟ್ಟದೆ ಐದು ವರ್ಷ ಬರೀ ಎಣಿಸುತ್ತ ಕೂತಿದ್ದರೋ ನಿಮ್ಮ ಡಾಕ್ಟರುಗಳು? ಅವರ ಎದೆ ತೆರೆದಿದ್ದರೋ ಇಲ್ಲವೋ ಅಂತಾದರೂ ನಿನ್ನ ಯಂತ್ರಕ್ಕೆ ಗೊತ್ತಿದೆಯೇ?

ಈ ತಿಂಗಳೊಳಗೆ ನೀನು ಮಾತು ಹಿಂತೆಗೆದುಕೊಳ್ಳದಿದ್ದರೆ ನಿನ್ನ ಸಂಸ್ಥೆಗೆ ದೂರು ಕೊಡುತ್ತೇನೆ. ಊಟದ ಮೇಜಿನಲ್ಲಿ ಕೂತು ರೋಗಿಯೊಬ್ಬನ ಆಯುಸ್ಸು ಹೇಳುವುದು ಅವರ ಪದ್ಧತಿಯಲ್ಲಿ ಇದೆಯೇ ಎಂದು ಅವರನ್ನೇ ಕೇಳುತ್ತೇನೆ.

ರುಕ್ಮಿಣಿ


ಲೈಡನ್
3 ಮೇ 2025

ಅತ್ತಿಗೆಯವರಿಗೆ,

ಅಣ್ಣನಿಗೆ ಹಲವು ಸಲ ಫೋನ್ ಮಾಡಿದೆ. ಹೋಗುತ್ತಿಲ್ಲ. ಇಮೇಲಿಗೂ ಉತ್ತರವಿಲ್ಲ. ದಯವಿಟ್ಟು ಅವನು ನನಗೆ ಫೋನ್ ಮಾಡುವಂತೆ ಹೇಳಿ.

ದೂರು ಕೊಡುವುದನ್ನು ಸ್ವಲ್ಪ ತಡೆಯಿರಿ. ಈಗ ಕೊಟ್ಟರೆ ಯಾರಿಗೂ ಒಳ್ಳೆಯದಾಗುವುದಿಲ್ಲ. ದೂರಿನ ಹಿಂದೆ ನಿಯಮಗಳಿರುತ್ತವೆ, ಅವು ಒಮ್ಮೆ ಶುರುವಾದರೆ ನನ್ನ ಕೈ ಕಟ್ಟಿಹಾಕುತ್ತವೆ.

ನಿಮ್ಮ ಪ್ರಶ್ನೆಗೆ ಅಣ್ಣನ ಹತ್ತಿರವೇ ಮಾತಾಡುತ್ತೇನೆ.

ಹಿತಾ


ಕಾಪೆಲ್ಲೆ
7 ಮೇ 2025

ಹಿತಾ,

ನಿನ್ನ ಇಷ್ಟು ಚಿಕ್ಕ ಕಾಗದದಲ್ಲಿ ಅರ್ಧ ದೂರಿನದೇ ಮಾತು. ಹೆದರಿದ್ದೀಯ ಎಂದು ತಿಳಿಯಿತು. ದೂರು ಸೋಮವಾರ ಕಳಿಸಿದೆ.

ನಿಮ್ಮಣ್ಣ ನಿನಗೆ ಫೋನ್ ಮಾಡುವುದಿಲ್ಲ, ಏಕೆಂದರೆ ನೀನು ಮಾಡಿದ್ದೇ ಅವರಿಗೆ ಗೊತ್ತಿಲ್ಲ. ನಾನು ಕೊಟ್ಟ ತಿಂಗಳ ಗಡುವು ಮುಗಿದ ದಿನ ಅವರ ಫೋನಿನಲ್ಲೂ ನಿನ್ನನ್ನು ಬ್ಲಾಕ್ ಮಾಡಿದವಳು ನಾನು. ಇಮೇಲನ್ನು ಓದದೆ ಅಳಿಸಿದೆ. ಈ ಮನೆಯೊಳಗೆ ನಿನ್ನ ಇನ್ನೊಂದು ಸಂಖ್ಯೆ ಬರಬಾರದು. ಮೊದಲನೆಯದನ್ನು ಹೊರಗೆ ಹಾಕುವುದರಲ್ಲೇ ನನಗೆ ಸಾಕಾಗಿದೆ.

ನಾಳೆ ಮೇ ಎಂಟು. ಅವರ ಜಾಗದಲ್ಲಿ ಇನ್ಯಾರೋ ಮಲಗುತ್ತಾರೆ. ಯೋಚನೆ ಮಾಡಲಿಕ್ಕೆಂದು ಆಸ್ಪತ್ರೆಯವರು ಈ ತಿಂಗಳ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ಆಮೇಲೆ ಪಟ್ಟಿಯಿಂದ ತೆಗೆದು ನಮ್ಮ ಬಡಾವಣೆಯ ಹೌಸ್‌ಆರ್ಟ್ಸ್ ಹತ್ತಿರ ವಾಪಸ್ ಕಳಿಸುತ್ತಾರೆ. ಏನೇ ಕಾಯಿಲೆ ಹೇಳಿದರೂ ಪ್ಯಾರಸಿಟಮಾಲ್ ತೆಗೆದುಕೊಂಡು ಎರಡು ವಾರ ಬಿಟ್ಟು ಬನ್ನಿ ಎನ್ನುವ ಡಾಕ್ಟರು ಅವರು.

ನನ್ನ ಪ್ರಶ್ನೆಗೆ ಉತ್ತರ ಕೊಡಲಿಲ್ಲ ನೀನು. ಗಮನಿಸಿದ್ದೇನೆ.

ರುಕ್ಮಿಣಿ


ಲೈಡನ್
10 ಮೇ 2025

ಅತ್ತಿಗೆಯವರಿಗೆ,

ನೀವು ಅಳಿಸಿದ ಇಮೇಲಿನಲ್ಲಿ ಇದೇ ಇತ್ತು. ಈಗ ನಿಮಗೇ ಬರೆಯಬೇಕಾಗಿದೆ. ಪೂರ್ತಿ ಓದಿ.

ನಮ್ಮ ಹನ್ನೊಂದು ಸಾವಿರ ಮಂದಿಯಲ್ಲಿ ಅಣ್ಣನ ಹಾಗೆ ಮೂರು ನಾಳ ಕಟ್ಟಿಕೊಂಡವರನ್ನು ಬೇರೆ ತೆಗೆದು ನೋಡಿದೆ. ಹೆಚ್ಚುಕಡಿಮೆ ಎಲ್ಲರಿಗೂ ಮೊದಲ ಭೇಟಿಯ ಕೆಲವು ತಿಂಗಳೊಳಗೆ ಎದೆ ತೆರೆದು ಬೈಪಾಸ್ ಮಾಡಿದ್ದರು. ಮಾಡೆಲಿನಲ್ಲಿ ಅದಕ್ಕೆ ಜಾಗವಿಲ್ಲ, ಏಕೆಂದರೆ ಮೊದಲ ಭೇಟಿಯ ದಿನ ಗೊತ್ತಿರುವುದನ್ನು ಮಾತ್ರ ನಾವು ತೆಗೆದುಕೊಂಡಿದ್ದೆವು. ಆಮೇಲೆ ನಡೆದ ಚಿಕಿತ್ಸೆ ಸಂಖ್ಯೆಯೊಳಗೆ ಸದ್ದಿಲ್ಲದೆ ಸೇರಿಕೊಂಡಿದೆ. ತೊಂಬತ್ತಮೂರು ಎನ್ನುವುದು ಶಸ್ತ್ರಚಿಕಿತ್ಸೆ ಆದವರ ಸಂಖ್ಯೆ. ಅವರು ಬದುಕಿದ್ದು ಬಹುಪಾಲು ಅದರಿಂದ. ಅಣ್ಣ ಸಂಖ್ಯೆಯನ್ನು ಇಟ್ಟುಕೊಂಡು, ಸಂಖ್ಯೆಗೆ ಕಾರಣವಾದದ್ದನ್ನು ಬಿಟ್ಟಿದ್ದಾನೆ.

ಮಾಡಿಸಿಕೊಳ್ಳದಿದ್ದರೆ ಎಷ್ಟು ಎಂದು ಕೇಳಬೇಡಿ. ಕಡಿಮೆ. ಎಷ್ಟು ಕಡಿಮೆ ಎಂದು ಹೇಳುವಷ್ಟು ಮಂದಿ ನನ್ನಲ್ಲಿಲ್ಲ.

ನನ್ನನ್ನು ಹಿಡಿದುಹಾಕಿದೆ ಎಂದು ಬೀಗಬೇಡಿ. ಇದು ನೀವು ಕಂಡುಹಿಡಿದದ್ದಲ್ಲ. ಈ ತಪ್ಪಿನ ಬಗ್ಗೆ ನಾನು ಪ್ರತಿವರ್ಷ ವಿದ್ಯಾರ್ಥಿಗಳಿಗೆ ಎರಡನೆಯ ವಾರದಲ್ಲಿ ಪಾಠ ಮಾಡುತ್ತೇನೆ. ಚಿಕಿತ್ಸೆ ಬೇಕೋ ಬೇಡವೋ ಎಂದು ತೀರ್ಮಾನಿಸಲು ಈ ಮಾಡೆಲ್ ಬಳಸಬಾರದು ಎಂಬ ಸಾಲು ನಮ್ಮ ಪ್ರಬಂಧದಲ್ಲೇ ಇದೆ. ಬರೆದವಳು ನಾನೇ.

ಹಾಗಾದರೆ ಯುಗಾದಿಯ ದಿನ ಯಾಕೆ ಹೇಳಲಿಲ್ಲ ಎನ್ನುತ್ತೀರಿ. ಜೋಯಿಸರು ಎಂದಾಗ ಕೋಪ ಬಂತು. ಇದು ಪಂಚಾಂಗವಲ್ಲ ಎಂದು ತೋರಿಸಬೇಕಿತ್ತು. ಒಳ್ಳೆಯ ಸಂಖ್ಯೆ ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಮನೆಯಲ್ಲಿ ನನಗೆ ಚಪ್ಪಾಳೆ ಸಿಕ್ಕಿದ್ದು ಅದೇ ಮೊದಲು. ಏಪ್ರಿಲಿನಲ್ಲಿ ನಿಮಗೆ ಉತ್ತರ ಬರೆಯುವಾಗ ಇದೆಲ್ಲ ನೆನಪಿರಲಿಲ್ಲ ಎಂದರೆ ನಾನು ದಡ್ಡಿ, ನೆನಪಿತ್ತು ಎಂದರೆ ಅದಕ್ಕಿಂತ ಕೆಟ್ಟವಳು. ಎರಡರಲ್ಲಿ ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ.

ಇದನ್ನು ದೂರಿಗೆ ಹೆದರಿ ಬರೆಯುತ್ತಿಲ್ಲ. ನೀವು ನಂಬುವುದಿಲ್ಲ, ಗೊತ್ತು. ಅಣ್ಣನಿಗೆ ಹೇಳಿ. ಇವತ್ತೇ ಹೇಳಿ.

ಹಿತಾ


ಕಾಪೆಲ್ಲೆ
15 ಮೇ 2025

ಹಿತಾ,

ಹೇಳಿದೆ. ನಂಬಲಿಲ್ಲ.

ಅಡುಗೆಮನೆಯಲ್ಲಿ ಕೂರಿಸಿಕೊಂಡು ನಿನ್ನ ಕಾಗದವನ್ನು ಸಾಲು ಸಾಲಾಗಿ ಓದಿ ಹೇಳಿದೆ. ಕೊನೆಯವರೆಗೂ ಕೇಳಿದರು. ನಿನ್ನ ಸಂಸ್ಥೆಯಿಂದ ನನ್ನ ಹೆಸರಿಗೆ ಬಂದಿದ್ದ ಪತ್ರ ಅಲ್ಲೇ ಮೇಜಿನ ಮೇಲಿತ್ತು, ದೂರು ಸ್ವೀಕರಿಸಿದ್ದೇವೆ ಎಂದು. ಅದು ಡಚ್‌ನಲ್ಲಿದೆ, ಅದನ್ನು ಅವರು ನನಗಿಂತ ಚೆನ್ನಾಗಿ ಓದುತ್ತಾರೆ.

"ಅವಳ ಕೆಲಸಕ್ಕೇ ಕೈ ಹಾಕಿದೀಯ. ಈಗ ಅವಳು ನೀನು ಏನ್ ಹೇಳಿದ್ರೂ ಬರ್ಕೊಡ್ತಾಳೆ. ಎಲ್ಲರ ಎದುರು ಹೇಳಿದ್ದು ನಿಜವೋ, ಹೆದರಿಸಿ ಬರೆಸಿಕೊಂಡಿದ್ದು ನಿಜವೋ?"

ಅವರು ಎದ್ದು ಸೈಕಲ್ ತೆಗೆದುಕೊಂಡು ಹೋದರು. ಅಕ್ಷಯಾ ಮಹಡಿಯಿಂದ ಇಳಿದು ಬಂದು ಡಚ್‌ನಲ್ಲಿ ಏನೋ ಅಂದಳು. ನೀವಿಬ್ಬರೂ ಸೇರಿ ಪಪ್ಪನನ್ನು ಕೊಲ್ಲುತ್ತಿದ್ದೀರಿ ಎಂದು ಅರ್ಥ. ಹದಿನಾರು ವರ್ಷದ ಹುಡುಗಿಯ ಮಾತು. ನಿನಗೂ ಪಾಲಿದೆ, ಅದಕ್ಕೆ ಬರೆದೆ.

ಫೋನಿನಲ್ಲಿ ನೀನು ಹೇಳಿದರೂ ನಾನು ಪಕ್ಕದಲ್ಲಿ ನಿಂತು ಹೇಳಿಸಿದೆ ಎನ್ನುತ್ತಾರೆ. ಎಲ್ಲಿ ಹೇಳಿದೆಯೋ ಅಲ್ಲೇ, ಯಾರ ಎದುರು ಹೇಳಿದೆಯೋ ಅವರ ಎದುರೇ ಬಂದು ಹೇಳಬೇಕು. ಇಪ್ಪತ್ತೈದನೇ ತಾರೀಕು ಭಾನುವಾರ, ಹನ್ನೊಂದು ಗಂಟೆಗೆ. ಯುಗಾದಿಗೆ ಬಂದಿದ್ದವರನ್ನೆಲ್ಲ ಕರೆದಿದ್ದೇನೆ. ಯಾಕೆಂದು ಹೇಳಿಲ್ಲ, ಊಟಕ್ಕೆ ಎಂದಿದ್ದೇನೆ. ಊಟ ಅವರಿಗೆ.

ದೂರು ವಾಪಸ್ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡರೆ ಅದಕ್ಕೂ ಅವರು ಒಂದು ಅರ್ಥ ಹಚ್ಚುತ್ತಾರೆ.

ರುಕ್ಮಿಣಿ


ಲೈಡನ್
19 ಮೇ 2025

ಅತ್ತಿಗೆಯವರಿಗೆ,

ನಿಮ್ಮ ದೂರಿನ ಫಲವಾಗಿ, ವಿಚಾರಣೆ ಮುಗಿಯುವವರೆಗೆ ದೂರು ಕೊಟ್ಟವರ ಮನೆಯವರನ್ನು ಭೇಟಿಯಾಗಬಾರದು ಎಂದು ನನಗೆ ಲಿಖಿತ ಆದೇಶ ಬಂದಿದೆ. ನಿಯಮಗಳು ಕೈ ಕಟ್ಟುತ್ತವೆ ಎಂದು ಮೊದಲೇ ಬರೆದಿದ್ದೆ. ನೀವು ಅದನ್ನು ಹೆದರಿಕೆ ಎಂದು ಓದಿದಿರಿ.

ಬರುತ್ತೇನೆ. ನಾನು ಮಾತಾಡುವಾಗ ನೀವು ಮಧ್ಯೆ ಬಾಯಿ ಹಾಕಬಾರದು. ತಲೆ ಕೂಡ ಆಡಿಸಬಾರದು. ನಿಮ್ಮ ತಲೆ ಆಡಿದರೆ ಅವನು ಆ ಕಡೆ ನೋಡುತ್ತಾನೆ.

ಹಿತಾ


ಕಾಪೆಲ್ಲೆ
27 ಮೇ 2025

ಹಿತಾ,

ನೀನು ಹೋದ ಮೇಲೆ ಏನಾಯಿತು ಎಂದು ನಿನಗೆ ತಿಳಿಸುವುದು ನ್ಯಾಯ. ಅಷ್ಟಕ್ಕೇ ಬರೆಯುತ್ತಿದ್ದೇನೆ.

ನಾನು ಬಾಯಿ ಹಾಕಲಿಲ್ಲ, ಅದನ್ನು ನೀನೂ ಒಪ್ಪಬೇಕು. ನೀನು ಕೋಟನ್ನೂ ತೆಗೆಯದೆ ನಿಂತೇ ಹೇಳಿದೆ. ಕಾಗದದಲ್ಲಿ ಬರೆದದ್ದನ್ನೇ ಹೇಳಿದೆ, ಒಂದು ಮಾತು ಹೆಚ್ಚಿಲ್ಲ. ಮೋಹಿತ್ "ಪಂಚಾಂಗದೋರೇ ವಾಸಿ, ಒಂದು ಸಲ ಹೇಳಿದ್ಮೇಲೆ ವರ್ಷಪೂರ್ತಿ ಬದಲಾಯ್ಸಲ್ಲ" ಎಂದ. ಯಾರೂ ನಗಲಿಲ್ಲ. ನಿಮ್ಮಣ್ಣ ಮಾತ್ರ ನಕ್ಕರು. ಆ ನಗು ನೋಡಿ ಇದೂ ವ್ಯರ್ಥವಾಯಿತು ಎಂದುಕೊಂಡೆ.

"ಸರಿ, ತೊಂಬತ್ತಮೂರು ಅಲ್ಲ. ಹಾಗಾದ್ರೆ ಎಷ್ಟು?" ಎಂದರು.

"ಗೊತ್ತಿಲ್ಲ ಅಣ್ಣ."

"ಸುಮಾರಾಗಿ ಹೇಳೇ. ಎಂಬತ್ತು? ಎಪ್ಪತ್ತು?"

"ಗೊತ್ತಿಲ್ಲ. ಮಾಡಿಸ್ಕೊಳ್ದೇ ಇರೋರು ಎಣಿಸೋಷ್ಟು ಮಂದಿ ನನ್ನ ಹತ್ರ ಇಲ್ಲ."

ನೀನು ಹೊರಟ ಮೇಲೆ ಊಟ ಬಡಿಸಿದೆ. ಅವರು ಅನ್ನ ಕಲಸಿ ಹಾಗೇ ಕೂತರು. ಆಮೇಲೆ ಯಾರಿಗೆಂದಿಲ್ಲದೆ ಹೇಳಿದರು: "ಅವಳ ಬಾಯಲ್ಲಿ ಗೊತ್ತಿಲ್ಲ ಅನ್ನೋ ಮಾತು ನಾನು ಕೇಳೇ ಇರ್ಲಿಲ್ಲ. ಎಲ್‌ಕೆಜಿಲೂ ಹೇಳಿದೋಳಲ್ಲ." ಸೋಮವಾರ ಬೆಳಿಗ್ಗೆ ಅವರೇ ಆಸ್ಪತ್ರೆಗೆ ಫೋನ್ ಮಾಡಿದರು. ಜೂನ್ ಹದಿನೇಳಕ್ಕೆ ಜಾಗ ಸಿಕ್ಕಿದೆ.

ನೀನು ಏನೇ ಸಂಖ್ಯೆ ಹೇಳಿದ್ದರೂ ಅವರು ಅದರ ಜೊತೆ ಚೌಕಾಸಿಗೆ ಕೂರುತ್ತಿದ್ದರು. ಅದನ್ನು ತಿಳಿದೇ ಗೊತ್ತಿಲ್ಲ ಎಂದೆಯೋ, ನಿಜಕ್ಕೂ ಗೊತ್ತಿಲ್ಲವೋ, ನನಗೆ ಬೇಕಿಲ್ಲ.

ಬಾಗಿಲ ಪಕ್ಕ ಇಟ್ಟಿದ್ದ ಊಟದ ಡಬ್ಬಿಯನ್ನು ನೀನು ನೋಡಿ ದಾಟಿಕೊಂಡು ಹೋದೆ. ಅದು ಅಕ್ಷಯಾಳ ಗೆಳತಿಗೆ ಕಟ್ಟಿದ್ದು. ನಿನಗೆಂದು ತಿಳಿದಿದ್ದರೆ ತಪ್ಪು.

ರುಕ್ಮಿಣಿ


ಲೈಡನ್
11 ಜೂನ್ 2025

ಅತ್ತಿಗೆಯವರಿಗೆ,

ಡಬ್ಬಿಯ ಮುಚ್ಚಳದ ಮೇಲೆ ನನ್ನ ಹೆಸರಿತ್ತು, ನಿಮ್ಮ ಅಕ್ಷರದಲ್ಲಿ. ತೆಗೆದುಕೊಂಡಿದ್ದರೆ ಅದನ್ನೂ ದೂರಿಗೆ ಸೇರಿಸುತ್ತಿದ್ದಿರಿ.

ಆ ಭಾನುವಾರ ನಿಮ್ಮ ಮನೆಗೆ ಬಂದದ್ದನ್ನು ನಾನೇ ಸಂಸ್ಥೆಗೆ ತಿಳಿಸಿದೆ. ನನ್ನನ್ನು ಆ ಕೆಲಸದಿಂದ ತೆಗೆದಿದ್ದಾರೆ. ಸೆಪ್ಟೆಂಬರಿನಲ್ಲಿ ಮಾಡೆಲ್ ಬಳಸಬೇಕಿದ್ದ ಆಸ್ಪತ್ರೆಯೂ ಅದನ್ನು ನಿಲ್ಲಿಸಿದೆ. ರೋಗಿಗಳು ತಾವೇ ನೋಡಿಕೊಳ್ಳುವ ಪರದೆಯ ಮೇಲೆ ಆ ಸಂಖ್ಯೆ ಬರುವುದಿತ್ತು, ಪಕ್ಕದಲ್ಲಿ ಯಾವ ವಿವರಣೆಯೂ ಇಲ್ಲದೆ. ಇನ್ನೆಷ್ಟು ಜನ ಅಣ್ಣನ ಹಾಗೆ ಓದಿಕೊಳ್ಳುತ್ತಿದ್ದರೋ. ನಿಲ್ಲಿಸಿದ್ದು ಸರಿ. ಅದು ನಿಮ್ಮಿಂದ ಆಯಿತು ಎನ್ನುವುದನ್ನು ಮಾತ್ರ ನುಂಗಲಾಗುತ್ತಿಲ್ಲ.

ಹದಿನೇಳರಂದು ಫೋನ್ ನಿರೀಕ್ಷಿಸುವುದಿಲ್ಲ. ಕಾಗದ ಬರಲು ಎರಡು ದಿನ ಬೇಕು. ಅಷ್ಟು ತಡೆದುಕೊಳ್ಳಬಲ್ಲೆ.

ಹಿತಾ


ರಾಟರ್‌ಡ್ಯಾಮ್
20 ಜೂನ್ 2025

ಹಿತಾ,

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಬರೆಯುತ್ತಿದ್ದೇನೆ. ಹದಿನೇಳಕ್ಕೇ ಬರೆಯಬಹುದಿತ್ತು. ನಿನ್ನನ್ನು ಬೇಕೆಂದೇ ಕಾಯಿಸಿದೆ ಎಂದುಕೊಂಡಿದ್ದರೆ ಅರ್ಧ ನಿಜ. ಇನ್ನರ್ಧ ಇದು. ಮಂಗಳವಾರ ಎಲ್ಲ ಚೆನ್ನಾಗಿ ಆಯಿತು ಎಂದರು. ಬುಧವಾರ ಬೆಳಿಗ್ಗೆ ಒಳಗೆ ರಕ್ತ ಸೋರುತ್ತಿದೆ ಎಂದು ಮತ್ತೆ ಒಯ್ದು ಎದೆ ಎರಡನೇ ಸಲ ತೆರೆದರು. ಆಗ ಬರೆದಿದ್ದರೆ ಏನು ಬರೆಯುತ್ತಿದ್ದೆನೋ ಗೊತ್ತಿಲ್ಲ. ನಿನಗೆ ತಲುಪಬಾರದ ಮಾತುಗಳಾಗಿರುತ್ತಿದ್ದವು.

ನಿನ್ನೆಯಿಂದ ವಾರ್ಡಿನಲ್ಲಿದ್ದಾರೆ. ಕೂರುತ್ತಾರೆ. ಕಾಫಿ ನೀರಿನ ಹಾಗಿದೆ ಎಂದು ನರ್ಸಿಗೆ ಹೇಳಿದ್ದಾರೆ. ಡಾಕ್ಟರು ಇನ್ನು ಹೆದರಿಕೆಯಿಲ್ಲ ಎಂದರು. ಇವರು ಹೆದರಿಕೆಯಿಲ್ಲ ಎನ್ನುವುದು ಯಾವುದಕ್ಕೆ ಎಂದು ನನಗೆ ಎಂದೂ ತಿಳಿದಿಲ್ಲ.

ಇವತ್ತು ಬೆಳಿಗ್ಗೆ ಅವರು ಹೇಳಿದರು: "ಈಗ ಎಷ್ಟು ಅಂತ ಹಿತಾನ ಕೇಳು." ಇನ್ನೂ ಬುದ್ಧಿ ಬಂದಿಲ್ಲ. ಅವರು ಕೇಳಿದ್ದನ್ನು ನಿನಗೆ ತಿಳಿಸುತ್ತಿದ್ದೇನೆ. ನಾನು ಕೇಳುತ್ತಿಲ್ಲ.

ಜುಲೈ ನಾಲ್ಕರ ವಿಚಾರಣೆಗೆ ಬರುತ್ತೇನೆ. ದೂರಿನಲ್ಲಿ ಬರೆದದ್ದನ್ನೇ ಹೇಳುತ್ತೇನೆ.

ರುಕ್ಮಿಣಿ


ಲೈಡನ್
24 ಜೂನ್ 2025

ಅತ್ತಿಗೆಗೆ,

ನಾಲ್ಕರಂದು ಎಲ್ಲವನ್ನೂ ಹೇಳಿ, ಏನನ್ನೂ ಕಡಿಮೆ ಮಾಡಬೇಡಿ. ಆದರೆ ದೂರಿನಲ್ಲೂ ಹನ್ನೊಂದು ಜನರ ಎದುರು ಎಂದೇ ಬರೆದಿದ್ದೀರಿ. ಹತ್ತು. ತಿದ್ದಿಕೊಳ್ಳಿ.

ಇನ್ನು ಅವನು ಕೇಳಿದ್ದು. ತೊಂಬತ್ತಮೂರು. ಒಂದೆರಡು ಹೆಚ್ಚೋ ಕಡಿಮೆಯೋ ಇರಬಹುದು, ಸಂಖ್ಯೆ ಬಹುಮಟ್ಟಿಗೆ ಅದೇ. ಎದೆ ತೆರೆಸಿಕೊಂಡವರನ್ನು ಎಣಿಸಿ ಬಂದದ್ದು ಅದು. ಯುಗಾದಿಯ ದಿನ ಅಣ್ಣ ಅವರಲ್ಲಿ ಒಬ್ಬನಾಗಿರಲಿಲ್ಲ. ಈಗ ಆಗಿದ್ದಾನೆ.

ಅವನಿಗೆ ಹೇಳಬೇಡಿ. ಮತ್ತೆ ತುಪ್ಪ ಕೇಳುತ್ತಾನೆ. ನಿಮಗೆ ಹೇಳಿದ್ದೇನೆ.

ಹಿತಾ